ಪ್ಯಾರಾಫಿನ್: ಮೇಣವೋ, ಸೀಮೆಎಣ್ಣೆಯೋ?

ಎಲ್ಲರಿಗೂ ನಮಸ್ಕಾರ.

ಮೇಣದಬತ್ತಿ ಮಾಡುವ ಸ್ವಸಹಾಯ ಸಂಘದವರಿಗೆಂದು ಒಂದು ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಪ್ಯಾರಾಫಿನ್’ ಪುಟಪುಟಕ್ಕೂ ಬರುತ್ತದೆ. ಸುಮ್ನೆ ‘ಮೇಣ’ ಅಂತ ಬರೆದರೆ ಸಾಕೇ?

ನಮ್ಮಲ್ಲಿ ಜೇನುಗೂಡಿನಿಂದ ಸಿಗುವುದೂ ಮೇಣ, ಹಲಸಿನಹಣ್ಣು ಬಿಡಿಸುವಾಗ ಕೈಗೆ ಮೆತ್ತುವುದೂ ಮೇಣ. ಅಂಗಡಿಯ ಬಿಳಿ ಗಟ್ಟಿ ಇವೆರಡೂ ಅಲ್ಲ. ಅದು ಪೆಟ್ರೋಲಿಯಂನಿಂದ ಬಂದದ್ದು. ಕೈಗೆ ಅಂಟುವುದಿಲ್ಲ, ನೀರಿನಲ್ಲಿ ತೇಲುತ್ತದೆ, ಮೇಣದಬತ್ತಿಗೆ ಬಳಸುವಂಥದ್ದು ಸಾಮಾನ್ಯವಾಗಿ 58ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಹಾಗಾಗಿ ‘ಪ್ಯಾರಾಫಿನ್ ಮೇಣ’ ಎಂದೇ ಬರೆಯುವುದು ಒಳ್ಳೆಯದು ಅನ್ನಿಸುತ್ತದೆ.

ಆದರೆ ಬರೀ ‘ಪ್ಯಾರಾಫಿನ್’ ಬಂದ ಕಡೆ ಎಚ್ಚರ ಬೇಕು. ಬ್ರಿಟನ್ನಿನವರು ಹಾಗೆನ್ನುವುದು ಸೀಮೆಎಣ್ಣೆಗೆ. ಅಲ್ಲಿನ ಪ್ಯಾರಾಫಿನ್ ದೀಪ ನಮ್ಮ ಸೀಮೆಎಣ್ಣೆ ದೀಪವೇ. ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ ಮತ್ತೂ ಬೇರೆ, ಅದು ಮಲಬದ್ಧತೆಗೆ ಕೊಡುವ ಔಷಧಿ. ಸೀಮೆಎಣ್ಣೆ ಕುಡಿದರೆ ಅದು ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಅಪಾಯ. ಈ ಎರಡಕ್ಕೂ ಒಂದೇ ಪದ ಹಾಕುವ ಹಾಗೇ ಇಲ್ಲ.

‘ಪ್ಯಾರಾಫಿನ್’ ಎಂದು ಹೆಸರಿಟ್ಟವರು ಜರ್ಮನಿಯ ರಸಾಯನ ವಿಜ್ಞಾನಿ ಕಾರ್ಲ್ ಫಾನ್ ರೈಖೆನ್‌ಬಾಖ್, 1830ರಲ್ಲಿ ಈ ಮೇಣವನ್ನು ಬೇರ್ಪಡಿಸಿದವರು. ಲ್ಯಾಟಿನ್ ಮೂಲದ ಅರ್ಥ ‘ನಂಟು ಕಡಿಮೆ’ ಅಂತ. ಬೇರೆ ವಸ್ತುಗಳ ಜೊತೆ ಸುಲಭಕ್ಕೆ ಬೆರೆತು ಬದಲಾಗುವುದಿಲ್ಲ, ಅದಕ್ಕೇ ಆ ಹೆಸರು. ಬೆಂಕಿಯ ಜೊತೆ ಮಾತ್ರ ನಂಟು ಜಾಸ್ತಿ.

ನನಗೆ ನಿಜವಾಗಿ ತಲೆಬಿಸಿ ಆಗಿರುವುದು ‘ಫ್ಲಾಶ್ ಪಾಯಿಂಟ್’. ಕಾದ ಮೇಣದ ಆವಿಗೆ ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುವಷ್ಟು ಬಿಸಿ ಅದು, ಸುಮಾರು 200 ಡಿಗ್ರಿ. ‘ಜ್ವಲನಬಿಂದು’ ಅಂದರೆ ಒಲೆ ಮುಂದೆ ನಿಂತವರಿಗೆ ಏನು ತಿಳಿಯುತ್ತದೆ? ‘ಹತ್ತಿಕೊಳ್ಳುವ ಬಿಸಿ’ ಆದೀತೇ? ಮೇಣದ ಪಾತ್ರೆಯನ್ನು ಕುದಿಯುವ ನೀರಿನ ಪಾತ್ರೆಯೊಳಗಿಟ್ಟು ಕರಗಿಸಿದರೆ ಅಷ್ಟು ಬಿಸಿ ಏರುವುದೇ ಇಲ್ಲ, ನೇರ ಒಲೆಯ ಮೇಲಿಟ್ಟರೆ ಏರಬಹುದು. ಹತ್ತಿಕೊಂಡರೆ ನೀರು ಹಾಕಲೇಬಾರದು. ನೀರು ತಳಕ್ಕಿಳಿದು ಒಮ್ಮೆಗೇ ಆವಿಯಾಗಿ, ಉರಿಯುವ ಮೇಣವನ್ನು ಸುತ್ತಲೂ ಎರಚುತ್ತದೆ. ಒಲೆ ಆರಿಸಿ, ಮುಚ್ಚಳ ಮುಚ್ಚಬೇಕು.

ನಿಮ್ಮ ಕಡೆ ಬತ್ತಿ ಮಾಡುವವರು ಇಂಥ ಬಿಸಿಗೆ ಏನನ್ನುತ್ತಾರೆ? ಕೇಳಿದ ಮಾತಿದ್ದರೆ ಊರಿನ ಹೆಸರಿನ ಜೊತೆ ತಿಳಿಸಿ.