ಡೆನ್ವರ್‌ನ ಗಾಂಜಾ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಎಚ್-4 ವೀಸಾ ಇರುವವರು ಸೇರಬಹುದಾ?

ಹಾಸನದ_ಹುಡುಗ:
ಎಲ್ಲರಿಗೂ ನಮಸ್ಕಾರ. ನಾವು ಇರುವುದು ಅಮೆರಿಕದ ಡೆನ್ವರ್‌ನಲ್ಲಿ. ನನ್ನದು ಎಚ್-1ಬಿ ಕೆಲಸದ ವೀಸಾ, ಹೆಂಡತಿಗೆ ಅದರ ಮೇಲೆ ಸಿಗುವ ಎಚ್-4 ವೀಸಾ, ಜೊತೆಗೆ ಇಎಡಿ ಅಂದರೆ ಕೆಲಸ ಮಾಡುವ ಅನುಮತಿ ಇದೆ, ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು 6 ವರ್ಷ ಆಯ್ತು. ಅವಳು ಬಿಕಾಂ ಓದಿದವಳು, ಕೆಲಸ ಹುಡುಕಿ ಹುಡುಕಿ ಸಾಕಾಗಿದೆ. ಈಗ ಒಂದು ಗಾಂಜಾ ಅಂಗಡಿಯವರು ಲೆಕ್ಕ ನೋಡಿಕೊಳ್ಳಲು ಕರೆದಿದ್ದಾರೆ. ಅಂಗಡಿಗೆ ಕೊಲೊರಾಡೊ ರಾಜ್ಯದ ಲೈಸೆನ್ಸ್ ಇದೆ, ತೆರಿಗೆ ಕಟ್ಟುತ್ತಾರೆ, ಕೆಲಸದವರಿಗೂ ರಾಜ್ಯವೇ ಬ್ಯಾಡ್ಜ್ ಕೊಡುತ್ತದೆ. ಅವಳು ಗಾಂಜಾ ಮುಟ್ಟುವುದೂ ಇಲ್ಲ, ಬರೀ ಲೆಕ್ಕ. ತೊಂದರೆ ಇಲ್ಲ ಅಲ್ವಾ?

ಮಲ್ಲಿಗೆ_ಅಕ್ಕ:
ಬೇಡ ತಮ್ಮಾ, ದಯವಿಟ್ಟು ಬೇಡ. ರಾಜ್ಯ ಒಪ್ಪಿದೆ ನಿಜ, 2012ರಲ್ಲಿ ಜನ ಓಟು ಹಾಕಿದರು, 2014ರ ಜನವರಿ 1ಕ್ಕೆ ಅಂಗಡಿ ತೆರೆದವು. ಆದರೆ ವೀಸಾ, ಗ್ರೀನ್ ಕಾರ್ಡ್, ಪೌರತ್ವ ಮೂರೂ ಫೆಡರಲ್ ಅಂದರೆ ಕೇಂದ್ರ ಸರ್ಕಾರದ ಕೈಯಲ್ಲಿವೆ, ಅದರ ಕಾನೂನಿನಲ್ಲಿ ಗಾಂಜಾ ವ್ಯವಹಾರ ಅಪರಾಧ, ಅಲ್ಲಿ ರಾಜ್ಯದ ಲೈಸೆನ್ಸ್ ತೋರಿಸಿದರೆ ನಡೆಯುವುದಿಲ್ಲ. ನಿಮ್ಮ ಡೆನ್ವರ್‌ನಲ್ಲೇ ಗಾಂಜಾ ಉದ್ಯಮದಲ್ಲಿ ದುಡಿದಿದ್ದ ಇಬ್ಬರಿಗೆ ಪೌರತ್ವ ಸಿಗಲಿಲ್ಲ. ಒಬ್ಬರು ಲಿಥುವೇನಿಯಾದವರು, ಇನ್ನೊಬ್ಬರು ಎಲ್ ಸಾಲ್ವಡಾರ್‌ನವರು. ಆಗ ಮೇಯರ್ ಆಗಿದ್ದ ಮೈಕಲ್ ಹ್ಯಾಂಕಾಕ್ 2019ರಲ್ಲಿ ಅಟಾರ್ನಿ ಜನರಲ್‌ಗೇ ಪತ್ರ ಬರೆದರು. ಅದೇ ತಿಂಗಳು ವಲಸೆ ಇಲಾಖೆ, ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಇಂಥ ಕೆಲಸ ಪೌರತ್ವಕ್ಕೆ ಅಡ್ಡ ಬರಬಹುದು ಅಂತ ಬರಹದಲ್ಲೇ ಹೇಳಿತು. ಕೇಸು, ಜೈಲು ಏನೂ ಆಗಬೇಕಿಲ್ಲ.

ಹಾಸನದ_ಹುಡುಗ:
ಅಕ್ಕಾ, ಹಾಗಾದರೆ ಇಷ್ಟು ಅಂಗಡಿ ರಾಜಾರೋಷವಾಗಿ ಹೇಗೆ ನಡೀತಿವೆ? ಯಾಕೆ ಮುಚ್ಚಿಸುವುದಿಲ್ಲ?

ಕಾನೂನು_ಓದಿದವನು:
ಮುಚ್ಚಿಸುವ ಅಧಿಕಾರ ಇದೆ, ಬಳಸುತ್ತಿಲ್ಲ, ಅಷ್ಟೇ. 1970ರ ಫೆಡರಲ್ ಕಾಯ್ದೆ ಗಾಂಜಾವನ್ನು ಹೆರಾಯಿನ್ ಜೊತೆ ಅತಿ ಕಟ್ಟುನಿಟ್ಟಿನ ಮೊದಲನೇ ಪಟ್ಟಿಗೆ ಸೇರಿಸಿತು. ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ರೋಗಿಗಳು, ರಾಜ್ಯದ ಕಾನೂನು ಪ್ರಕಾರವೇ ಔಷಧಿಗೆ ಅಂತ ಗಾಂಜಾ ಬಳಸುತ್ತಿದ್ದವರು, ಒಬ್ಬರ ಮನೆಯಲ್ಲಿ ಇದ್ದದ್ದು 6 ಗಿಡ. ಅದನ್ನೂ ಫೆಡರಲ್ ಏಜೆಂಟರು ನಾಶ ಮಾಡಿದರು. 2005ರಲ್ಲಿ ಸುಪ್ರೀಂ ಕೋರ್ಟ್ 6-3ರಿಂದ ಫೆಡರಲ್ ಸರ್ಕಾರದ ಪರವಾಗಿ ತೀರ್ಪು ಕೊಟ್ಟಿತು. ಆದರೆ ನಮ್ಮ ಕಾನೂನು ನೀವೇ ಜಾರಿ ಮಾಡಿ ಅಂತ ರಾಜ್ಯದ ಪೊಲೀಸರಿಗೆ ಫೆಡರಲ್‌ನವರು ಹೇಳುವ ಹಾಗಿಲ್ಲ. ಎಲ್ಲ ಅಂಗಡಿಗೂ ನುಗ್ಗುವಷ್ಟು ಜನ ಅವರ ಬಳಿಯೂ ಇಲ್ಲ. 2013ರಲ್ಲಿ ನ್ಯಾಯ ಇಲಾಖೆ ಸುಮ್ನೆ ಬಿಡ್ತೀವಿ ಅನ್ನೋ ಥರ ಒಂದು ಸೂಚನೆ ಕೊಟ್ಟಿತು, 2018ರ ಜನವರಿಯಲ್ಲಿ ಅದನ್ನೇ ವಾಪಸ್ ತೆಗೆದುಕೊಂಡಿತು. ಇಂಥದ್ದನ್ನು ನಂಬಿ ಮನೆಯವರ ಭವಿಷ್ಯ ಅಡ ಇಡಬೇಡಿ. ಇಲ್ಲೇ ಹುಟ್ಟಿ ಬೆಳೆದವರು ಅದೇ ಕುರ್ಚಿಯಲ್ಲಿ ಕೂತು ಅದೇ ಲೆಕ್ಕ ಬರೆದರೆ ಯಾರೂ ಕೇಳುವುದಿಲ್ಲ, ನಮ್ಮವರು ಬರೆದರೆ ದೇಶ ಬಿಡುವ ಭಯ, ಇದು ನನಗೆ ತುಂಬಾ ಅನ್ಯಾಯ ಅನ್ನಿಸುತ್ತದೆ.

ಹಾಸನದ_ಹುಡುಗ:
ಅವಳು ಆಗಲೇ 2 ದಿನ ಟ್ರೈನಿಂಗ್‌ಗೆ ಹೋಗಿಬಂದಿದ್ದಾಳೆ. ಈಗ ಕೈಕಾಲು ನಡುಗುತ್ತಿದೆ. ಇದನ್ನು ಎಲ್ಲೂ ಹೇಳದೆ ಇದ್ದರೆ?

ಮಲ್ಲಿಗೆ_ಅಕ್ಕ:
ಸುಳ್ಳು ಮಾತ್ರ ಬೇಡ ತಮ್ಮಾ, ಫಾರಂನಲ್ಲಿ ಸುಳ್ಳು ಬರೆದರೆ ಅದು ಇನ್ನೊಂದು ದೊಡ್ಡ ತಪ್ಪಾಗುತ್ತದೆ. ನಾಳೆಯಿಂದ ಹೋಗುವುದು ನಿಲ್ಲಿಸಲಿ. ಮುಂದಿನ ಯಾವ ಫಾರಂ ತುಂಬುವ ಮೊದಲೂ ಒಬ್ಬ ಇಮಿಗ್ರೇಷನ್ ವಕೀಲರ ಹತ್ತಿರ ಕೂತು ಈ 2 ದಿನದ ವಿಷಯ ಪೂರ್ತಿ ಹೇಳಿ. ಅವಳಿಗೆ ಧೈರ್ಯ ಹೇಳು. ಕೆಲಸಕ್ಕೆ ನನಗೆ ಮೆಸೇಜ್ ಮಾಡು, ಇಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವ ಇಬ್ಬರು ನಮ್ಮವರು ಗೊತ್ತು, ಕೇಳಿ ನೋಡ್ತೀನಿ.