ಹಳೇ ಫಿಯಟ್ ಟ್ರಕ್ಕಿನಲ್ಲಿ ಬಂತು, ಬಂಪರ್ ಸೊಟ್ಟ: ಯಾರನ್ನು ಕೇಳಬೇಕು?

ಪ್ರಶ್ನೆ, ಮೈಸೂರಿನಿಂದ: ದೆಹಲಿಯಲ್ಲಿ 1969ರ ಫಿಯಟ್ 1100 ಕೊಂಡು ಕಾರ್ ಕ್ಯಾರಿಯರ್‌ನಲ್ಲಿ ತರಿಸಿದೆ. ಬಾಡಿಗೆ 22,000 ರೂಪಾಯಿ. ಹತ್ತು ದಿನ ಅಂದವರು ಐದು ವಾರ ಮಾಡಿದರು. ಮುಂದಿನ ಬಂಪರ್ ಸೊಟ್ಟಗಾಗಿದೆ, ಎಡಗಡೆ ಫೆಂಡರ್ ಒಳಗೆ ಹೋಗಿದೆ, ಕ್ಲಚ್ ಜಾರುತ್ತಿದೆ. ರಾತ್ರಿ ಹೊತ್ತು ಇಳಿಸಿ ಡ್ರೈವರ್ ರಸೀದಿಗೆ ಸಹಿ ಹಾಕಿಸಿಕೊಂಡ. ಈಗ ಕಂಪನಿಯವರು ‘ಎಲ್‌ಆರ್‌ನಲ್ಲಿ (ಲಾರಿ ರಸೀದಿ) ಓನರ್ಸ್ ರಿಸ್ಕ್ ಅಂತಿದೆ’, ಅಂದರೆ ಹಾನಿಯಾದರೆ ಹೊಣೆ ಮಾಲೀಕರದೇ, ಎನ್ನುತ್ತಾರೆ. ಗ್ಯಾರೇಜಿನವರು 85,000 ಹೇಳಿದ್ದಾರೆ. ರಿಪೇರಿ ಶುರು ಮಾಡಿಸಲಾ?

ಉತ್ತರ, ಗ್ರಾಹಕ ಮತ್ತು ವಿಮೆ ಪ್ರಕರಣ ನೋಡುವ ವಕೀಲರಿಂದ: ರಿಪೇರಿ ಈಗಲೇ ಬೇಡ. ಮೊದಲು ಬುಕಿಂಗ್ ಮಾಡಿದ ತಾರೀಖು ನೋಡಿ. 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಕೇಸು ಹಾಕುವ ಮುಂಚೆ ಸಾಗಣೆದಾರರಿಗೆ ಲಿಖಿತ ನೋಟಿಸ್ ಹೋಗಿರಬೇಕು. ಅದೂ ಬುಕಿಂಗ್ ಆದ ದಿನದಿಂದ 180 ದಿನದ ಒಳಗೆ. ಕಾರು ಕೈಗೆ ಸಿಕ್ಕ ದಿನದಿಂದ ಅಲ್ಲ! ‘ನೋಡ್ತೀವಿ ಸರ್, ಹೆಡ್ ಆಫೀಸಿಗೆ ಕಳಿಸಿದೀವಿ’ ಅಂತ ಅವರು ತಿಂಗಳುಗಟ್ಟಲೆ ಆಡಿಸುತ್ತಿದ್ದರೂ ಈ ಲೆಕ್ಕ ನಿಲ್ಲುವುದಿಲ್ಲ. ಫೋನಿನಲ್ಲಿ ಜಗಳ ಆಡಿ ಏನೂ ಉಪಯೋಗವಿಲ್ಲ. ಇವತ್ತೇ ಇಮೇಲ್ ಮಾಡಿ, ಈ ವಾರವೇ ನೋಟಿಸ್ ಕಳಿಸಿ.

ಓನರ್ಸ್ ರಿಸ್ಕ್ ಅಂತ ಬರೆದ ಮಾತ್ರಕ್ಕೆ ಅವರ ಹೊಣೆ ಕಳಚುವುದಿಲ್ಲ. ಸಾಗಿಸುವವರ ಕೈಯಲ್ಲಿದ್ದಾಗ ಮಾಲು ಹಾಳಾದರೆ, ಅವರ ನಿರ್ಲಕ್ಷ್ಯವನ್ನು ನೀವು ಸಾಬೀತು ಮಾಡಬೇಕಿಲ್ಲ. ಹಳೇ 1865ರ ಕಾಯ್ದೆಯಲ್ಲೂ ಇದೇ ನಿಯಮ ಇತ್ತು. ಗ್ರಾಹಕ ಆಯೋಗದಲ್ಲೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಆದರೆ ಹಾನಿ ದಾರಿಯಲ್ಲೇ ಆಯಿತು ಅಂತ ನೀವು ತೋರಿಸಬೇಕು. ಸಹಿ ಹಾಕಿದ ರಸೀದಿ ಇಲ್ಲಿ ಅಡ್ಡ ಬರುತ್ತದೆ, ಹಾಗಂತ ಕೇಸು ಮುಗಿಯಿತು ಅಂತಲ್ಲ. ದೆಹಲಿಯಲ್ಲಿ ಹತ್ತಿಸುವಾಗ ಮಾರಿದವರು ತೆಗೆದ ಫೋಟೋ, ಇಲ್ಲಿ ಇಳಿಸಿದ ಮಾರನೇ ದಿನದ ಫೋಟೋ, ಮೆಕ್ಯಾನಿಕ್ ಬರೆದುಕೊಟ್ಟ ವರದಿ, ವಾಟ್ಸಾಪ್ ಮೆಸೇಜು ಎಲ್ಲ ಎತ್ತಿಡಿ.

ಹೊಣೆಗೊಂದು ಮಿತಿ ಇದೆ: ಬಾಡಿಗೆಯ ಹತ್ತು ಪಟ್ಟು. ನಿಮಗೆ 2,20,000 ಆಗುತ್ತದೆ, 85,000 ಅದರೊಳಗೇ ಇದೆ.

ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಮೈಸೂರಿನಲ್ಲೇ ದೂರು ಕೊಡಬಹುದು, ದೆಹಲಿಗೆ ಅಲೆಯಬೇಕಿಲ್ಲ. 2019ರ ಕಾಯ್ದೆ ಬಂದ ಮೇಲೆ ದೂರುದಾರ ವಾಸವಿರುವ ಊರೂ ಸಾಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಕಾಲಾವಕಾಶ ಎರಡು ವರ್ಷ. ವಕೀಲರಿಲ್ಲದೆಯೂ ವಾದಿಸಬಹುದು (ನಾನೇ ಹೀಗೆ ಹೇಳಬಾರದು!). ವೆಬ್‌ಸೈಟಿನಲ್ಲಿ ದುಡ್ಡು ತೆಗೆದುಕೊಂಡವರು ಒಬ್ಬರು, ಟ್ರಕ್ ಇನ್ನೊಬ್ಬರದು ಆಗಿದ್ದರೆ ಇಬ್ಬರನ್ನೂ ಸೇರಿಸಿ. ಕೊಂಡು ಮಾರುವ ವ್ಯಾಪಾರದವರಿಗೆ ಮಾತ್ರ ಈ ದಾರಿ ಕಷ್ಟ.

ಇನ್ನೊಂದು, ನಿಮ್ಮ ಕಾರಿನ ಪಾಲಿಸಿ ಥರ್ಡ್ ಪಾರ್ಟಿ (ಬೇರೆಯವರಿಗಾದ ನಷ್ಟಕ್ಕೆ) ಮಾತ್ರವಾ, ಪ್ಯಾಕೇಜಾ (ನಿಮ್ಮ ಕಾರಿನ ಹಾನಿಗೂ)?

ಮೈಸೂರಿನ ಸದಸ್ಯರು: ಪ್ಯಾಕೇಜ್ ಪಾಲಿಸಿ, ನನ್ನ ಹೆಸರಿಗೆ ವರ್ಗ ಆಗಿದೆ. ಆದರೆ ಕಾರು ಓಡುತ್ತಿರಲಿಲ್ಲ, ಟ್ರಕ್ ಮೇಲೆ ನಿಂತಿತ್ತು ಅಲ್ವಾ?

ವಕೀಲರು: ಎಷ್ಟೋ ಜನ ಹೀಗೇ ಅಂದುಕೊಂಡು ಕ್ಲೇಮ್ ಬಿಟ್ಟುಬಿಡುತ್ತಾರೆ. ಖಾಸಗಿ ಕಾರಿನ ಮಾಮೂಲಿ ಪ್ಯಾಕೇಜ್ ಪಾಲಿಸಿಯಲ್ಲಿ ರಸ್ತೆ, ರೈಲು, ಒಳನಾಡು ಜಲಮಾರ್ಗದಲ್ಲಿ ಸಾಗಿಸುವಾಗ ಆಗುವ ಹಾನಿಯೂ ಸೇರಿದೆ. ಓದಿ ನೋಡಿ, ತಕ್ಷಣ ತಿಳಿಸಿ. ವಿಮೆಯ ಸರ್ವೇಯರ್ (ಹಾನಿ ಅಂದಾಜು ಮಾಡುವವರು) ಬಂದು ನೋಡುವ ತನಕ ಬಂಪರ್ ಬಿಚ್ಚಬೇಡಿ. ಕೈಗೆ ಪೂರ್ತಿ ಬರುವುದಿಲ್ಲ: ಹತ್ತು ವರ್ಷ ದಾಟಿದ ಕಾರಿನ ಲೋಹದ ಬಿಡಿಭಾಗಕ್ಕೆ ಶೇ 50 ಸವಕಳಿ ಕಳೆಯುತ್ತಾರೆ, ಗಾಜಿಗೆ ಕಳೆಯುವುದಿಲ್ಲ. ಉಳಿದದ್ದನ್ನು ಸಾಗಣೆದಾರರಿಂದ ಕೇಳಿ. ಒಂದೇ ನಷ್ಟಕ್ಕೆ ಎರಡು ಕಡೆ ದುಡ್ಡು ಸಿಗುವುದಿಲ್ಲ.

ಗ್ಯಾರೇಜಿನ ಸದಸ್ಯರೊಬ್ಬರು: ಕ್ಲಚ್ ವಿಷಯ. ಫಿಯಟ್‌ನ ಗೇರು ಸ್ಟೀರಿಂಗ್ ಪಕ್ಕ ಇರುತ್ತೆ. ಈಗಿನ ಲೋಡಿಂಗ್ ಹುಡುಗರಿಗೆ ಅದು ಗೊತ್ತಿರಲ್ಲ, ಇಳಿಜಾರಿನಲ್ಲಿ ರೇಸ್ ಮಾಡಿ ಮಾಡಿ ಪ್ಲೇಟ್ ಸುಡ್ತಾರೆ. ಹತ್ತಿಸುವಾಗ ವಿಂಚ್‌ನಲ್ಲಿ ಎಳೆಸಿ. ಬೆಲ್ಟು ಚಕ್ರಕ್ಕೆ ಹಾಕಿಸಿ, ಬಂಪರಿಗೆ ಬೇಡವೇ ಬೇಡ.

ಪ್ರಶ್ನೆ, ಹುಬ್ಬಳ್ಳಿಯಿಂದ: ನಾನು ಪೂರ್ತಿ ರಿಸ್ಟೋರ್ ಮಾಡಿಸಿದ ಅಂಬಾಸಿಡರ್ ಪುಣೆಗೆ ಕಳಿಸಬೇಕು. ಸಾಗಿಸುವವರು ಶೇ 3 ‘ಇನ್ಶೂರೆನ್ಸ್’ ಕೇಳುತ್ತಿದ್ದಾರೆ. ಕೊಡಲಾ?

ವಕೀಲರು: ವಿಮಾ ಕಂಪನಿ ಕೊಟ್ಟ, ನಿಮ್ಮ ಹೆಸರು ಮತ್ತು ಗಾಡಿ ನಂಬರ್ ಇರುವ ಸರ್ಟಿಫಿಕೇಟ್ ತೋರಿಸಿದರೆ ಕೊಡಿ. ಬಿಲ್ಲಿನಲ್ಲಿ ಒಂದು ಸಾಲು ಬರೆದರೆ ಅದು ವಿಮೆಯಲ್ಲ. ನಿಮ್ಮಂಥವರಿಗೆ ಹತ್ತು ಪಟ್ಟಿನ ಮಿತಿ ನಿಜವಾಗಿಯೂ ಚುಚ್ಚುತ್ತದೆ. ಬಾಡಿಗೆ 12,000 ಆದರೆ ಮಿತಿ 1,20,000. ಅಷ್ಟರಲ್ಲಿ ನಿಮ್ಮ ಪೇಂಟ್ ಕೆಲಸವೂ ಆಗಿರಲಿಕ್ಕಿಲ್ಲ. ಗೂಡ್ಸ್ ಫಾರ್ವರ್ಡಿಂಗ್ ನೋಟ್‌ನಲ್ಲಿ (ಮಾಲು ಕಳಿಸುವವರು ಬುಕಿಂಗ್ ವೇಳೆ ಕೊಡುವ ಪತ್ರ) ಕಾರಿನ ಬೆಲೆ ಬರೆಸಿ, ಜಾಸ್ತಿ ರಿಸ್ಕ್ ದರ (ಸಾಗಣೆದಾರರು ಹೆಚ್ಚು ಹೊಣೆ ಹೊರಲು ಕೇಳುವ ದರ) ಎಷ್ಟು ಕೇಳಿ, ಒಪ್ಪಿ ಸಹಿ ಮಾಡಿ. ತಲುಪಿಸುವ ದಿನವನ್ನೂ ಅದರಲ್ಲೇ ಬರೆಸಿ. ಪುಣೆಯಲ್ಲಿ ಹಗಲು ಹೊತ್ತಿನಲ್ಲೇ ಇಳಿಸಿಕೊಳ್ಳಲಿ, ಏನೇ ಕಂಡರೂ ರಸೀದಿ ಮೇಲೆ ಬರೆದು ಆಮೇಲೆ ಸಹಿ.

ಮೈಸೂರಿನ ಸದಸ್ಯರು: ಇಮೇಲ್ ಮಾಡಿದ ಕೂಡಲೇ ಫೋನ್ ಬಂತು. 15,000 ಕೊಡ್ತೀವಿ, ಒಂದು ಪೇಪರಿಗೆ ಸಹಿ ಹಾಕಿ ಅಂತಿದ್ದಾರೆ.

ವಕೀಲರು: ಅದರಲ್ಲಿ ‘ಫುಲ್ ಆಂಡ್ ಫೈನಲ್ ಸೆಟಲ್‌ಮೆಂಟ್’ ಅಂತ ಇದ್ದರೆ ಸಹಿ ಬೇಡ. ಹಾಕಿದರೆ ವಿಮಾ ಕಂಪನಿಯೂ ಕೈ ಎತ್ತಬಹುದು, ಯಾಕೆಂದರೆ ನಿಮಗೆ ಕೊಟ್ಟ ದುಡ್ಡನ್ನು ಅವರು ಸಾಗಣೆದಾರರಿಂದಲೇ ವಸೂಲು ಮಾಡಬೇಕು. ಕರಡನ್ನು ಇಮೇಲ್‌ನಲ್ಲಿ ಕಳಿಸಿ ಅನ್ನಿ, ನೋಟಿಸ್ ಮಾತ್ರ ನಿಲ್ಲಿಸಬೇಡಿ.