ಅಜ್ಜಿಗೆ ಜೆಲಾಟೊ, ಮಗನಿಗೆ ಕನ್ನಡ

ನಿಮ್ಮ ಮಗನಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಇಂಗ್ಲಿಷಿನಲ್ಲೇ ಕೊಡುತ್ತಾನೆ ಎಂದು ಬರೆದಿದ್ದಿರಿ. ನಮ್ಮ ಏಳು ವರ್ಷದವನೂ ಹಾಗೇ ಇದ್ದ. ಅದು ಬದಲಾಗಿದ್ದು ಒಂದು ಜೆಲಾಟೊ (ಇಟಲಿ ಶೈಲಿಯ ಐಸ್‌ಕ್ರೀಮ್) ಅಂಗಡಿಯಲ್ಲಿ.

ಹೋದ ಬೇಸಿಗೆಯಲ್ಲಿ ನಮ್ಮತ್ತೆ ಮೈಸೂರಿನಿಂದ ಅಮೆರಿಕದ ಸಿಯಾಟಲ್‌ಗೆ, ನಮ್ಮ ಮನೆಗೆ ಬಂದಿದ್ದರು. ಜೂನ್‌ನಲ್ಲಿ ಇಲ್ಲಿ ರಾತ್ರಿ 9 ಗಂಟೆಗೂ ಬೆಳಕಿರುತ್ತದೆ. ಊಟ ಮುಗಿಸಿ ಗ್ರೀನ್ ಲೇಕ್ ಪಾರ್ಕಿಗೆ ಹೋಗುತ್ತಿದ್ದೆವು. ಕೆರೆಗೆ ಪೂರ್ತಿ ಒಂದು ಸುತ್ತು ಹಾಕಿದರೆ ಸುಮಾರು 4.5 ಕಿಲೋಮೀಟರ್. ಅತ್ತೆಗೆ ಮಂಡಿನೋವು, ಅಷ್ಟು ಆಗುತ್ತಿರಲಿಲ್ಲ. ದಿಮ್ಮಿ ಮೇಲೆ ಬಿಸಿಲಿಗೆ ಮೈ ಕಾಯಿಸುವ ಆಮೆಗಳನ್ನು ನೋಡಿ, ರಸ್ತೆ ದಾಟಿ, ಎದುರಿನ ಸಣ್ಣ ಅಂಗಡಿಯಲ್ಲಿ ಕೂರುತ್ತಿದ್ದೆವು.

ಅತ್ತೆ ಮೊಟ್ಟೆ ತಿನ್ನುವುದಿಲ್ಲ. ಜೆಲಾಟೊಗೆ ಕೆಲವರು ಮೊಟ್ಟೆಯ ಹಳದಿ ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಕೇಳಲೇಬೇಕು. ಮೊದಲ ದಿನ ನಾನು ಕಾರು ನಿಲ್ಲಿಸಿ ಬರುವಷ್ಟರಲ್ಲಿ ಅಜ್ಜಿ, ಮೊಮ್ಮಗ ಇಬ್ಬರೇ ಕೌಂಟರ್ ಮುಂದೆ ನಿಂತಿದ್ದರು. "ಮೊಟ್ಟೆ ಹಾಕಿದ್ದಾರಾ ಕೇಳು ಕಂದಾ" ಎಂದರು. ಅವನು ಕೇಳಿದ. ಆಮೇಲೆ ತಡವರಿಸುತ್ತಾ, "ಪಿಸ್ತಾ ಬೇಡ ಅಜ್ಜಿ, ಮೊಟ್ಟೆ ಇದೆ. ಮಾವಿನಹಣ್ಣಿಂದು ತಗೋ. ಅದ್ರಲ್ಲಿ ಹಾಲೂ ಇಲ್ಲ" ಎಂದ. ಬಾಗಿಲಲ್ಲೇ ನಿಂತು ಕೇಳಿದ ನನಗೆ ಕಣ್ಣು ತುಂಬಿ ಬಂತು.

ಅವತ್ತಿನಿಂದ ಅದು ಅವನ ಕೆಲಸವೇ ಆಯಿತು. ಒಂದು ದಿನ, ಇದು ಐಸ್‌ಕ್ರೀಮಿಗಿಂತ ಯಾಕಿಷ್ಟು ಗಟ್ಟಿ ಎಂದು ಅಜ್ಜಿಗೆ ಕುತೂಹಲ. ಅಂಗಡಿಯ ಹುಡುಗಿ ಹೇಳಿದಳು: ನಿಧಾನವಾಗಿ ತಿರುಗಿಸುತ್ತಾರೆ, ಗಾಳಿ ಕಡಿಮೆ ಸೇರುತ್ತದೆ. ತಿರುಗಿಸುವುದಕ್ಕೆ ಅವನಿಗೆ ಕನ್ನಡ ಪದ ಸಿಗಲಿಲ್ಲ, ಕೈಯಲ್ಲಿ ಮಾಡಿ ತೋರಿಸಿದ. "ಓ, ಮಜ್ಜಿಗೆ ಕಡೆದ ಹಾಗಾ?" ಎಂದರು ಅತ್ತೆ. ಈಗ ಮನೆಯಲ್ಲಿ ಮಿಕ್ಸಿ ಹಾಕಿದರೂ ಅವನಿಗೆ ಅದು "ಕಡೆಯೋದು".

ವಾರಾಂತ್ಯದ ಕನ್ನಡ ತರಗತಿಗೂ ಕಳಿಸುತ್ತೇವೆ, ಅಕ್ಷರ ಬಂದದ್ದು ಅಲ್ಲಿಂದಲೇ. ಆದರೆ ನಮಗೆ ಇಂಗ್ಲಿಷ್ ಬರುತ್ತದೆ ಎಂದು ಅವನಿಗೆ ಗೊತ್ತು. ನಮ್ಮ ಜೊತೆ ಕನ್ನಡ ಆಡಲೇಬೇಕು ಅಂತೇನಿಲ್ಲ ಅಲ್ವಾ? ಅಜ್ಜಿ ಜೊತೆ ಆಡದಿದ್ದರೆ ಅಜ್ಜಿಗೆ ಜೆಲಾಟೊ ಇಲ್ಲ.

ಅತ್ತೆ ಈಗ ಊರಲ್ಲಿದ್ದಾರೆ. ಶನಿವಾರ ಸಂಜೆ ಅಂಗಡಿಯಿಂದಲೇ ವಿಡಿಯೋ ಕಾಲ್ ಮಾಡುತ್ತಾನೆ, ಅಲ್ಲಿ ಭಾನುವಾರ ಬೆಳಗಿನ ಕಾಫಿ ಹೊತ್ತು. ಒಂದೊಂದೇ ಟ್ರೇ ತೋರಿಸಿ ಹೆಸರು ಹೇಳುತ್ತಾನೆ, ಅವರು ಆರಿಸುತ್ತಾರೆ.

ನಿಮ್ಮಮ್ಮ ಮಾರ್ಚ್‌ನಲ್ಲಿ ಬರುತ್ತಾರೆ ಅಂದಿರಲ್ಲ, ಅಂಗಡಿಗೆ ಹೋದಾಗ ಅವರ ಪರವಾಗಿ ನೀವು ಮಾತಾಡಬೇಡಿ. ಸುಮ್ನೆ ಹಿಂದೆ ನಿಂತು ಮಗನನ್ನು ಮುಂದೆ ಬಿಡಿ.